ಸಣ್ಣ ಡಬ್ಲ್ಯೂ ಹಾಕಿ ಕೆಟ್ಟೆ

ಎಲ್‌ಡ್ಯಾಪ್ (LDAP, ಎಲ್ಲರ ಲಾಗಿನ್ ವಿವರ ಒಂದೇ ಕಡೆ ಇಡುವ ವ್ಯವಸ್ಥೆ) ಸರ್ವರ್ ನೋಡಿಕೊಳ್ಳುವವರು ಇದನ್ನೊಮ್ಮೆ ಓದಿ. ನಾನು ಮಾಡಿದ ಎಡವಟ್ಟು ನಿಮಗೆ ಬೇಡ.

ಕಾಲೇಜು ಲ್ಯಾಬಿನ ಉಬುಂಟು ಮೆಷಿನ್‌ಗಳಿಗೆಲ್ಲ ಒಂದೇ ಲಾಗಿನ್ ಇರಲಿ ಎಂದು ಓಪನ್‌ಎಲ್‌ಡ್ಯಾಪ್ ಹಾಕಿದ್ದೆ. ಸೆಮಿಸ್ಟರ್ ಶುರುವಾದ ವಾರ ಪಾಸ್‌ವರ್ಡ್ ಮರೆತವರ ಸಾಲು ಬಾಗಿಲ ತನಕ. ಒಬ್ಬೊಬ್ಬರದೂ ಟರ್ಮಿನಲ್‌ನಲ್ಲೇ ldappasswd ಕಮಾಂಡಿನಿಂದ ಬದಲಿಸಿ ಕೊಡುತ್ತಿದ್ದೆ. ಪ್ರತಿ ಸಲ ಅಡ್ಮಿನ್ ಪಾಸ್‌ವರ್ಡ್ ಹೊಡೆಯುವ ರಗಳೆ ಬೇಡವೆಂದು ಅದರ ಆಯ್ಕೆಗಳಲ್ಲಿ ದೊಡ್ಡ ಡಬ್ಲ್ಯೂ (-W) ಬಿಟ್ಟು ಸಣ್ಣ ಡಬ್ಲ್ಯೂ (-w) ಹಾಕಿದೆ. ದೊಡ್ಡದಾದರೆ ಪಾಸ್‌ವರ್ಡ್ ಕೇಳಿ ತೆಗೆದುಕೊಳ್ಳುತ್ತದೆ, ಸ್ಕ್ರೀನ್ ಮೇಲೆ ಕಾಣುವುದಿಲ್ಲ. ಸಣ್ಣದಾದರೆ ಕಮಾಂಡಿನ ಸಾಲಲ್ಲೇ ಬಟಾಬಯಲು.

ಜಂಬ ಬೇರೆ! ಹೊಡೆದ ಕಮಾಂಡುಗಳ ಪಟ್ಟಿಯಾದ ಹಿಸ್ಟರಿಯಲ್ಲಿ ಉಳಿಯಬಾರದೆಂದು ಕಮಾಂಡಿನ ಆರಂಭದಲ್ಲೇ ಒಂದು ಸ್ಪೇಸ್ ಬಿಟ್ಟಿದ್ದೆ. ಟರ್ಮಿನಲ್‌ನಲ್ಲಿ ಕಮಾಂಡು ಓಡಿಸುವ ಬ್ಯಾಶ್ ಅದನ್ನು ಬರೆದಿಟ್ಟುಕೊಳ್ಳಲಿಲ್ಲ, ನಿಜ. ಆದರೆ ಕೈ ತನ್ನ ರೂಢಿಗೆ ಸುಡೊ (sudo, ಮೆಷಿನ್‌ನ ಪೂರ್ಣ ಅಧಿಕಾರದಲ್ಲಿ ಕಮಾಂಡು ಓಡಿಸುವುದು) ಎಂದೂ ಹೊಡೆದಿತ್ತು. ಈ ಕೆಲಸಕ್ಕೆ ಸುಡೊ ಬೇಕಾಗಿಯೇ ಇರಲಿಲ್ಲ. ಸುಡೊ ತಾನು ಓಡಿಸಿದ ಕಮಾಂಡನ್ನು ಇಡಿಯಾಗಿ ಆಥ್ ಲಾಗ್‌ಗೆ, ಅಂದರೆ ಲಾಗಿನ್, ಅಧಿಕಾರ ಬಳಕೆಯ ದಾಖಲೆಯ ಫೈಲಿಗೆ, ಬರೆಯುತ್ತದೆ. ನಮ್ಮಲ್ಲಿ ಆ ಲಾಗ್ ಲಾಗ್ ಸಾಗಿಸುವ ಆರ್‌ಸಿಸ್‌ಲಾಗ್ (rsyslog) ಮೂಲಕ ಇನ್ನೊಂದು ಸರ್ವರ್‌ಗೂ ಹೋಗುತ್ತದೆ, ಅದನ್ನು ಇಂಟರ್ನ್ ಹುಡುಗರೂ ಓದಬಹುದು.

ಅವರಲ್ಲೊಬ್ಬ ಬಂದು, "ಸರ್, ಇದು ನೀವು ಹಾಕಿದ್ದಾ?" ಎಂದು ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದ. ನನ್ನ ಅಡ್ಮಿನ್ ಪಾಸ್‌ವರ್ಡ್, ಪಕ್ಕದಲ್ಲಿ ವಿದ್ಯಾರ್ಥಿಗಳ ಹೊಸ ಪಾಸ್‌ವರ್ಡ್, ಸಾಲುಸಾಲಾಗಿ. ಹುಡುಗ ಒಳ್ಳೆಯವನು, ಬಚಾವಾದೆ.

ಹೀಗಾದರೆ ಲಾಗ್ ಅಳಿಸುತ್ತ ಕೂರಬೇಡಿ, ಬ್ಯಾಕಪ್‌ನಲ್ಲಿ ಎಷ್ಟು ಕಾಪಿ ಕೂತಿವೆಯೋ. ಮೊದಲು ಪಾಸ್‌ವರ್ಡ್ ಬದಲಿಸಿ. ವಿದ್ಯಾರ್ಥಿಯ ಹೊಸ ಪಾಸ್‌ವರ್ಡಿಗೂ ಸಣ್ಣ ಎಸ್ (-s) ಬೇಡ, ಕೇಳಿ ತೆಗೆದುಕೊಳ್ಳುವ ದೊಡ್ಡ ಎಸ್ (-S) ಹಾಕಿ.

ನಾನು ಆಮೇಲೆ ಪಾಸ್‌ವರ್ಡನ್ನು ಫೈಲಿನಿಂದ ಓದಿಸುವ ಸಣ್ಣ ವೈ (-y) ಆಯ್ಕೆಗೆ ಹೋದೆ. ಅಲ್ಲೂ ಒಂದು ಗುಂಡಿ ಕಾದಿತ್ತು. ಫೈಲನ್ನು ಎಕೋ (echo) ಕಮಾಂಡು ಬಳಸಿ ಮಾಡಿದ್ದೆ. ಎಕೋ ಕೊನೆಗೊಂದು ನ್ಯೂಲೈನ್ (ಕಣ್ಣಿಗೆ ಕಾಣದ, ಸಾಲು ಮುರಿಯುವ ಅಕ್ಷರ) ಸೇರಿಸುತ್ತದೆ, ಎಲ್‌ಡ್ಯಾಪ್ ಅದನ್ನೂ ಪಾಸ್‌ವರ್ಡೆಂದೇ ಎಣಿಸುತ್ತದೆ. ಒಂದಕ್ಷರ ತಪ್ಪಿಲ್ಲದಿದ್ದರೂ ಮತ್ತೆ ಮತ್ತೆ "ಇನ್‌ವ್ಯಾಲಿಡ್ ಕ್ರೆಡೆನ್ಷಿಯಲ್ಸ್ 49". ಅರ್ಧ ದಿನ ಹೋಯಿತು. ನ್ಯೂಲೈನ್ ಸೇರಿಸದ ಪ್ರಿಂಟ್‌ಎಫ್ (printf) ಕಮಾಂಡಿನಲ್ಲಿ ಬರೆದ ಮೇಲೆ ಒಪ್ಪಿಕೊಂಡಿತು. ಬೇರೆಯವರು ಓದದಂತೆ ಫೈಲಿನ ಅನುಮತಿಯನ್ನೂ 600 ಮಾಡಿದೆ.

ಆ ವಾರ ಬಂದವರನ್ನೆಲ್ಲ ಮತ್ತೆ ಕರೆಸಿದೆ. ಯಾಕೆ ಎಂದು ಕೇಳಿದವರಿಗೆ "ಸರ್ವರ್ ಪ್ರಾಬ್ಲಮ್" ಅಂದೆ. ಸಾಲು ಮತ್ತೆ ಬಾಗಿಲ ತನಕ.