ಡೇಟನ್, ಟೂಸಾನ್, ಆಶ್‌ಲ್ಯಾಂಡ್: ಹಳೇ ಬಾಂಬರ್ ನೋಡಲು ಎಲ್ಲಿಗೆ ಹೋಗಬೇಕು?

ಅಮೆರಿಕದಲ್ಲಿ ವಿಮಾನದ ಮ್ಯೂಸಿಯಂ ಎಲ್ಲಿ ಅಂತ ಕೇಳಿದರೆ ಎಲ್ಲರೂ ವಾಷಿಂಗ್ಟನ್ ಕಡೆ ಕೈ ತೋರಿಸುತ್ತಾರೆ. ಶೀತಲ ಸಮರದ ಬಾಂಬರ್‌ಗಳ ಹುಚ್ಚು ಹಿಡಿದವರಿಗೆ ಅದು ಸಾಲದು. ರಷ್ಯಾದವರೆಗೆ ಅಣುಬಾಂಬ್ ಹೊತ್ತು ಹೋಗಲೆಂದು ಕಟ್ಟಿದ ಆ ದೈತ್ಯ ವಿಮಾನಗಳು ಒಟ್ಟಿಗೆ ಸಿಗುವ ಜಾಗಗಳು ಕಡಿಮೆ. ನಾನು ಹೋಗಿ ನೋಡಿದ್ದು ಮೂರು. ಓಹಾಯೋದ ಡೇಟನ್‌ನಲ್ಲಿರುವ ವಾಯುಪಡೆಯ ರಾಷ್ಟ್ರೀಯ ಮ್ಯೂಸಿಯಂ, ಅರಿಜೋನಾದ ಟೂಸಾನ್‌ನಲ್ಲಿರುವ ಪೀಮಾ ಮ್ಯೂಸಿಯಂ, ನೆಬ್ರಾಸ್ಕಾದ ಆಶ್‌ಲ್ಯಾಂಡ್ ಹತ್ತಿರದ ಸ್ಟ್ರಾಟೆಜಿಕ್ ಏರ್ ಕಮಾಂಡ್ (ಈ ಬಾಂಬರ್‌ಗಳನ್ನು ನಡೆಸುತ್ತಿದ್ದ ವಾಯುಪಡೆಯ ವಿಭಾಗ) ಮ್ಯೂಸಿಯಂ. ಮೂರರಲ್ಲೂ ಬಿ-36, ಬಿ-47, ಬಿ-52, ಬಿ-58 ಇವೆ. ಪಟ್ಟಿ ನೋಡಿದರೆ ಮೂರೂ ಒಂದೇ ಥರ. ಹಾಗಂತ ಒಂದು ನೋಡಿದರೆ ಸಾಕು ಅಂದುಕೊಳ್ಳಬೇಡಿ.

ಮೊದಲೇ ಹೇಳಿಬಿಡುತ್ತೇನೆ. ಒಂದೇ ಕಡೆ ಹೋಗಲು ಆಗುವುದಾದರೆ ಡೇಟನ್‌ಗೆ ಹೋಗಿ. ನನಗೆ ಮತ್ತೆ ಮತ್ತೆ ಹೋಗಬೇಕು ಅನ್ನಿಸುವುದು ಮಾತ್ರ ಟೂಸಾನ್‌ಗೆ. ಆಶ್‌ಲ್ಯಾಂಡ್‌ಗಾಗಿ ವಿಮಾನದ ಟಿಕೆಟ್ ತೆಗೆಯಿರಿ ಅಂತ ಹೇಳಲಾರೆ. ಆದರೆ ಆ ದಾರಿಯಲ್ಲಿ ಹೋಗುವಾಗ ಬಿಟ್ಟರೆ ಆಮೇಲೆ ಕೈ ಕೈ ಹಿಸುಕಿಕೊಳ್ಳುತ್ತೀರಿ.

ಎಲ್ಲೇ ಹೋದರೂ ನಾನು ಮೊದಲು ಹುಡುಕುವುದು ಬಿ-36. ಒಟ್ಟು 384 ಕಟ್ಟಿದ್ದರು. ಇಡಿಯಾಗಿ ಉಳಿದಿರುವುದು ನಾಲ್ಕೇ ನಾಲ್ಕು, ಅದರಲ್ಲಿ ಮೂರು ಈ ಮೂರು ಊರುಗಳಲ್ಲಿವೆ. ರೆಕ್ಕೆಯ ತುದಿಯಿಂದ ತುದಿಗೆ 70 ಮೀಟರ್. ಮೂರು ಕ್ರಿಕೆಟ್ ಪಿಚ್ ಸಾಲಾಗಿ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಆರು ಪಿಸ್ಟನ್ ಎಂಜಿನ್, ಅವೂ ರೆಕ್ಕೆಯ ಹಿಂದಕ್ಕೆ ಮುಖ ಮಾಡಿಕೊಂಡು. ಅದು ಸಾಲದು ಅಂತ ರೆಕ್ಕೆಯ ತುದಿಗಳ ಕಡೆ ನಾಲ್ಕು ಜೆಟ್ ಎಂಜಿನ್. ಒಂದೊಂದು ಪಿಸ್ಟನ್ ಎಂಜಿನ್ನಿಗೆ 28 ಸಿಲಿಂಡರ್, ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್. ಒಂದು ವಿಮಾನಕ್ಕೆ 336 ಪ್ಲಗ್! ನಮ್ಮ ಸ್ಕೂಟರಿನ ಒಂದು ಪ್ಲಗ್ ಬಿಚ್ಚಿ ಉಜ್ಜಿ ಹಾಕುವಷ್ಟರಲ್ಲೇ ಸಾಕಾಗುತ್ತದೆ, ಅಲ್ವಾ.

ಡೇಟನ್‌ನ ಬಿ-36 ಹ್ಯಾಂಗರಿನ ಒಳಗಿದೆ. 1959ರ ಏಪ್ರಿಲ್ 30ರಂದು ಇದು ಟೂಸಾನ್ ಪಕ್ಕದ ಡೇವಿಸ್-ಮಾಂಥನ್ ನೆಲೆಯಿಂದ ಹಾರಿ ಡೇಟನ್‌ಗೆ ಬಂದು ಇಳಿಯಿತು. ಅಲ್ಲಿಗೆ ಬಿ-36ಗಳ ಹಾರಾಟವೇ ಮುಗಿಯಿತು, ಆಮೇಲೆ ಯಾವುದೂ ಹಾರಲಿಲ್ಲ. ಪಕ್ಕದಲ್ಲಿ ಒಂದು ಚಕ್ರ ನಿಲ್ಲಿಸಿದ್ದಾರೆ. ಮೊದಲ ಪ್ರಯೋಗದ ಬಿ-36ಕ್ಕೆ ಎರಡು ಬದಿಗೂ ಇಂಥ ಒಂದೊಂದೇ ಚಕ್ರ ಇತ್ತು. ಎತ್ತರ 110 ಇಂಚು, ಅಂದರೆ 2.8 ಮೀಟರ್. ನಾನು ಕೈ ಮೇಲೆತ್ತಿ ನಿಂತರೂ ಅದರ ನೆತ್ತಿ ಸಿಗಲಿಲ್ಲ. ಅಷ್ಟು ಭಾರ ಎರಡೇ ಚಕ್ರದ ಮೇಲೆ ಬಿದ್ದರೆ ಯಾವ ರನ್‌ವೇ ತಡೆದೀತು? ಬೆರಳೆಣಿಕೆಯಷ್ಟು ಕಡೆ ಮಾತ್ರ ಇಳಿಸಬಹುದಾಗಿತ್ತು. ಅದಕ್ಕೇ ಮುಂದೆ ಒಂದು ಬದಿಗೆ ನಾಲ್ಕು ಸಣ್ಣ ಚಕ್ರ ಹಾಕಿದರು. ನನ್ನ ಮಟ್ಟಿಗೆ ಈ ಚಕ್ರ ನೋಡಲೆಂದೇ ಡೇಟನ್‌ಗೆ ಹೋಗಬಹುದು.

ಒಂದು ತೊಡಕು ಇದೆ. ಡೇಟನ್‌ನಲ್ಲಿ ಒಂದರ ರೆಕ್ಕೆ ಕೆಳಗೆ ಇನ್ನೊಂದು ವಿಮಾನ ನಿಂತಿರುತ್ತದೆ, ಬೆಳಕೂ ಮಂದ. ಬಿ-36 ಪೂರ್ತಿ ಕಣ್ಣಿಗೆ ಸಿಗುವಷ್ಟು ಹಿಂದೆ ಸರಿಯಲು ಜಾಗ ಇಲ್ಲ. ಫೋನಿನಲ್ಲಿ ಫೋಟೋ ತೆಗೆದರೆ ಬರುವುದು ಬರೀ ತುಂಡು ತುಂಡು.

ಟೂಸಾನ್‌ನಲ್ಲಿ ಆ ಚಿಂತೆ ಇಲ್ಲ. ಅಲ್ಲಿನ ಬಿ-36 ಬಯಲಲ್ಲಿ, ಬಿಸಿಲಲ್ಲಿ ನಿಂತಿದೆ. ಫೋರ್ಟ್ ವರ್ತ್ ಕಾರ್ಖಾನೆಯಿಂದ ಕಟ್ಟಕಡೆಯದಾಗಿ ಹೊರಬಂದ ಬಿ-36 ಅದೇ. ಸುತ್ತ ಒಂದು ಸುತ್ತು ಬರಬಹುದು, ದೂರ ನಿಂತು ಇಡೀ ಆಕಾರ ನೋಡಬಹುದು. ಮರುಭೂಮಿಯ ಒಣ ಗಾಳಿಯಲ್ಲಿ ತುಕ್ಕಿನ ಕಾಟ ಕಡಿಮೆ. ಆಶ್‌ಲ್ಯಾಂಡ್‌ನದ್ದು ಒಳಗಿದೆ, ಬೆಳಕು ಡೇಟನ್‌ಗಿಂತ ಜಾಸ್ತಿ, ಜನ ಕಡಿಮೆ. ಆರಾಮಾಗಿ ಎಂಜಿನ್ ಕೆಳಗೆ ನಿಂತು ಕತ್ತೆತ್ತಿ ನೋಡಿಕೊಂಡಿರಬಹುದು, ಯಾರೂ ಸರಿಯಿರಿ ಅನ್ನುವುದಿಲ್ಲ.

ಡೇಟನ್‌ನಲ್ಲಿ ನನ್ನ ಜೊತೆ ಅಪ್ಪ ಇದ್ದರು. ಎಲ್ಲ ಕೇಳಿಸಿಕೊಂಡು, "ಇಷ್ಟೆಲ್ಲ ಕಟ್ಟಿ ಎಷ್ಟು ಬಾಂಬ್ ಹಾಕಿದ್ರಂತೆ?" ಅಂದರು. "ಯುದ್ಧದಲ್ಲಿ ಒಂದೂ ಇಲ್ಲಪ್ಪ" ಅಂದೆ. "ಸದ್ಯ!" ಅಂದು ಮುಂದಿನ ವಿಮಾನದ ಕಡೆ ನಡೆದರು. ನಿಜವೇ. ಬಿ-36 ಯುದ್ಧದಲ್ಲಿ ಒಂದು ಬಾಂಬನ್ನೂ ಹಾಕದೆ ನಿವೃತ್ತಿಯಾಯಿತು. ಬಿ-58 ಕೂಡ ಹಾಗೇ.

ಬಿ-52ರ ಕಥೆ ಬೇರೆ. 1952ರಲ್ಲಿ ಮೊದಲು ಹಾರಿದ್ದು, 1962ಕ್ಕೆ ತಯಾರಿ ನಿಂತದ್ದು, ಇವತ್ತಿಗೂ ಸೇವೆಯಲ್ಲಿದೆ. ಈಗ ಹೊಸ ರೋಲ್ಸ್-ರಾಯ್ಸ್ ಎಂಜಿನ್ ಹಾಕಿ 2050ರ ದಶಕದವರೆಗೆ ಓಡಿಸುವ ಲೆಕ್ಕ ಇದೆ. ಈ ವಿಮಾನದ ಹುಟ್ಟಿಗೂ ಡೇಟನ್‌ಗೂ ನಂಟು. 1948ರ ಅಕ್ಟೋಬರಿನಲ್ಲಿ ಬೋಯಿಂಗ್ ಎಂಜಿನಿಯರುಗಳು ಪ್ರೊಪೆಲರ್ ಇರುವ ನಕ್ಷೆ ಹಿಡಿದು ಇಲ್ಲಿಗೆ ಬಂದರು. ವಾಯುಪಡೆಯ ಅಧಿಕಾರಿ ಒಪ್ಪಲಿಲ್ಲ, ಜೆಟ್ ಎಂಜಿನ್ ಹಾಕಿ ಯೋಚಿಸಿ ಅಂದರು. ಎಂಜಿನಿಯರುಗಳು ವ್ಯಾನ್ ಕ್ಲೀವ್ ಹೋಟೆಲಿನ ಕೋಣೆಯಲ್ಲಿ ವಾರಾಂತ್ಯ ಪೂರ್ತಿ ಕೂತು ಹೊಸ ನಕ್ಷೆ ಬರೆದರು. ಅವರಲ್ಲೊಬ್ಬರಾದ ಜಾರ್ಜ್ ಶೈರರ್ ಅಂಗಡಿಯಿಂದ ಬಾಲ್ಸಾ ಅನ್ನುವ ಹಗುರ ಮರ ತಂದು ಮಾದರಿ ಕೆತ್ತಿದರು. ಸೋಮವಾರ ಮಾದರಿಯ ಜೊತೆ 33 ಪುಟದ ವರದಿಯನ್ನೂ ಕೊಟ್ಟರು. ಎಂಟು ಎಂಜಿನ್ನಿನ ಬಿ-52 ಆಗಲೇ ಅದರಲ್ಲಿತ್ತು.

ಡೇಟನ್‌ನ ಬಿ-52 ವಿಯೆಟ್ನಾಂನಲ್ಲಿ ಕ್ಷಿಪಣಿಯ ಏಟು ತಿಂದು, ರಿಪೇರಿಯಾಗಿ ಮತ್ತೆ ಹಾರಿದ್ದು. ಆಶ್‌ಲ್ಯಾಂಡ್‌ನದ್ದು 1955ರ ಜೂನ್‌ನಲ್ಲಿ ಸ್ಟ್ರಾಟೆಜಿಕ್ ಏರ್ ಕಮಾಂಡಿನ ಕೈಗೆ ಮೊಟ್ಟಮೊದಲು ಬಂದದ್ದು. ಎರಡೂ ದೊಡ್ಡ ಹೆಸರೇ. ಆದರೆ ನನ್ನ ಓಟು ಟೂಸಾನ್‌ನದ್ದಕ್ಕೆ. ಅದು ಎಕ್ಸ್-15 ರಾಕೆಟ್ ವಿಮಾನವನ್ನು ರೆಕ್ಕೆಯ ಕೆಳಗೆ ನೇತುಹಾಕಿಕೊಂಡು ಮೇಲಕ್ಕೆ ಒಯ್ದು ಬಿಡುತ್ತಿದ್ದ ತಾಯಿ ವಿಮಾನ. ಬಲ ರೆಕ್ಕೆಯ ಹಿಂದುಗಡೆ ಹೋಗಿ ನೋಡಿ. ಒಂದು ಚೌಕ ಕತ್ತರಿಸಿ ತೆಗೆದಿದ್ದಾರೆ. ಎಕ್ಸ್-15ರ ಬಾಲ ತಾಗದಿರಲಿ ಅಂತ ಮಾಡಿದ ಸಂದು ಅದು. ಕೋಟಿಗಟ್ಟಲೆ ಬೆಲೆಯ ಬಾಂಬರಿನ ರೆಕ್ಕೆಯನ್ನೇ ಕುಯ್ದು ದಾರಿ ಮಾಡಿಕೊಂಡಿದ್ದಾರೆ ನೋಡಿ! ಆ ಎಕ್ಸ್-15ಗಳಲ್ಲಿ ಒಂದು ಡೇಟನ್‌ನಲ್ಲಿದೆ, ಹೊತ್ತೊಯ್ಯುತ್ತಿದ್ದ ವಿಮಾನ ಇಲ್ಲಿದೆ.

ಟೂಸಾನ್‌ನ ಬಿಸಿಲಲ್ಲಿ ಇನ್ನೊಂದು ಚೆನ್ನಾಗಿ ಕಾಣುತ್ತದೆ. ಬೆಳಗಿನ ಓರೆ ಬಿಸಿಲಿಗೆ ಬಿ-52ರ ಮುಂಭಾಗದ ತಗಡಿನ ಮೇಲೆಲ್ಲ ಸುಕ್ಕು ಎದ್ದು ತೋರುತ್ತದೆ. ಹಳೇದಾಗಿ ಹೀಗಾಗಿದೆ ಅಂದುಕೊಳ್ಳಬೇಡಿ, ಸೇವೆಯಲ್ಲಿರುವ ಬಿ-52ಗಳಲ್ಲೂ ಇದು ಇದ್ದದ್ದೇ. ಹೊರತಗಡು ತೆಳ್ಳಗಿದೆ. ನೆಲದ ಮೇಲೆ ನಿಂತಾಗ ಒಡಲಿನ ಭಾರಕ್ಕೆ ಮಡಿಕೆ ಬೀಳುತ್ತದೆ.

ಬಿ-47 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಕಟ್ಟಿದರು. ಹಿಂದಕ್ಕೆ ಬಾಗಿದ ರೆಕ್ಕೆ, ಅದರ ಕೆಳಗೆ ನೇತಾಡುವ ಎಂಜಿನ್. ನಾವು ಊರಿಗೆ ಹೋಗಿಬರುವ ವಿಮಾನಗಳ ಅಚ್ಚು ಅಲ್ಲೇ ಕಾಣುತ್ತದೆ. ಮೂರರಲ್ಲಿ ಯಾವ ಕಡೆ ನೋಡಿದರೂ ನಡೆಯುತ್ತದೆ.

ಬಿ-58ಕ್ಕೆ ಬಂದರೆ ಆಶ್‌ಲ್ಯಾಂಡ್ ಗೆಲ್ಲುತ್ತದೆ. ಶಬ್ದದ ಎರಡು ಪಟ್ಟು ವೇಗದ ಚೂಪು ಮೂತಿಯ ಈ ಬಾಂಬರ್ ನೋಡಲು ಬಲು ಚಂದ, ಓಡಿಸಲು ಬಲು ಅಪಾಯ. ಕಟ್ಟಿದ್ದು 116, ಅಪಘಾತದಲ್ಲಿ ಹೋದದ್ದೇ 26. ಆಶ್‌ಲ್ಯಾಂಡ್‌ನಲ್ಲಿರುವ ವಿಮಾನದ ಹೆಸರು 'ಗ್ರೀಸ್ಡ್ ಲೈಟ್ನಿಂಗ್'. 1963ರ ಅಕ್ಟೋಬರಿನಲ್ಲಿ ಟೋಕಿಯೋದಿಂದ ಲಂಡನ್‌ಗೆ ಎಂಟೂವರೆ ಗಂಟೆ ಚಿಲ್ಲರೆಯಲ್ಲಿ ಹೋಗಿತ್ತು, ನಡುನಡುವೆ ಗಾಳಿಯಲ್ಲೇ ಇಂಧನ ತುಂಬಿಸಿಕೊಂಡು. ಡೇಟನ್‌ನದ್ದು 1962ರಲ್ಲಿ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕಿಗೆ ಹೋಗಿ ವಾಪಸ್ ಬಂದು ದಾಖಲೆ ಮಾಡಿದ್ದು. ಟೂಸಾನ್‌ನದ್ದು ಕಟ್ಟಿದವುಗಳಲ್ಲಿ ಕೊನೆಯದು. ಆಶ್‌ಲ್ಯಾಂಡ್‌ನಲ್ಲಿ ಬ್ರಿಟಿಷರ ವಲ್ಕನ್ ಬಾಂಬರ್ ಕೂಡ ಇದೆ. ಅದೇ ಕಾಲದ ಅದೇ ಕೆಲಸಕ್ಕೆ ಅವರು ಕೊಟ್ಟ ಉತ್ತರ ಏನು ಅಂತ ಅಲ್ಲೇ ನೋಡಿಬಿಡಬಹುದು.

ಇನ್ನು ಎಕ್ಸ್‌ಬಿ-70, ಪ್ರಯೋಗಕ್ಕೆಂದು ಕಟ್ಟಿದ ಬಾಂಬರ್. ಡೇಟನ್‌ನ ನಾಲ್ಕನೇ ಹ್ಯಾಂಗರಿನಲ್ಲಿ ಬಿಳೀ ಬಣ್ಣದ ಆ ವಿಮಾನ ನಿಂತಿದೆ, ಬೇರೆಲ್ಲೂ ಸಿಗುವುದಿಲ್ಲ. ಶಬ್ದದ ಮೂರು ಪಟ್ಟು ವೇಗ, ಆರು ಎಂಜಿನ್ ಒಟ್ಟಿಗೆ ಒಂದೇ ಸಾಲಿನಲ್ಲಿ. ಕಟ್ಟಿದ್ದೇ ಎರಡು. 1966ರ ಜೂನ್ 8ರಂದು ಒಂದು ಎಂಜಿನ್ ಕಂಪನಿಯ ಫೋಟೋಗಾಗಿ ಹಲವು ವಿಮಾನಗಳು ಒತ್ತೊತ್ತಾಗಿ ಹಾರುತ್ತಿದ್ದಾಗ ಎಫ್-104 ಯುದ್ಧವಿಮಾನ ಒಂದು ಎರಡನೇ ಎಕ್ಸ್‌ಬಿ-70ಕ್ಕೆ ಬಡಿಯಿತು. ಎಫ್-104ರ ಪೈಲಟ್ ಜೋ ವಾಕರ್, ಎಕ್ಸ್‌ಬಿ-70ರ ಸಹ ಪೈಲಟ್ ಕಾರ್ಲ್ ಕ್ರಾಸ್ ಇಬ್ಬರೂ ಸತ್ತರು. ಒಂದು ಫೋಟೋಗೆ! ಉಳಿದ ಇನ್ನೊಂದು 1969ರಲ್ಲಿ ಡೇಟನ್‌ಗೆ ಹಾರಿ ಬಂತು. ಡೇಟನ್‌ನಲ್ಲಿ ಆಮೇಲಿನ ಬಾಂಬರ್‌ಗಳಾದ ಬಿ-1ಬಿ, ಬಿ-2 ಕೂಡ ಇವೆ. ಬಿ-1ಬಿ ಕೆಲವರಿಗೆ ನೆನಪಿರಬಹುದು. 2021ರ ಏರೋ ಇಂಡಿಯಾದಲ್ಲಿ ಯಲಹಂಕದ ಮೇಲೆ ನಮ್ಮ ತೇಜಸ್ ಜೊತೆ ಹಾರಿತ್ತು. ಬಿ-2 ಮಾತ್ರ ಯಾವತ್ತೂ ಹಾರದ, ಗಟ್ಟಿತನ ಪರೀಕ್ಷೆಗೆ ಕಟ್ಟಿದ ಒಡಲು. ನೋಡಿದರೆ ಗೊತ್ತಾಗುವುದಿಲ್ಲ ಬಿಡಿ.

ಟೂಸಾನ್‌ಗೆ ಇರುವ ಇನ್ನೊಂದು ಬಲ ಅಂದರೆ ರಸ್ತೆಯಾಚೆಯ ವಿಮಾನ ಮಸಣ. ಹಳೇ ಸೇನಾ ವಿಮಾನಗಳನ್ನೆಲ್ಲ ತಂದು ಮರುಭೂಮಿಯಲ್ಲಿ ಸಾಲು ಸಾಲಾಗಿ ನಿಲ್ಲಿಸಿದ್ದಾರೆ. ರಷ್ಯಾ ಜೊತೆಗಿನ ಅಣ್ವಸ್ತ್ರ ಒಪ್ಪಂದದ ಪ್ರಕಾರ 365 ಬಿ-52ಗಳನ್ನು ಇಲ್ಲೇ ತುಂಡು ಮಾಡಿದರು. ಆಕಾಶದಿಂದ ರಷ್ಯಾದ ಉಪಗ್ರಹಗಳು ನೋಡಿ ಲೆಕ್ಕ ಹಾಕಿಕೊಳ್ಳಲಿ ಅಂತ ತುಂಡುಗಳನ್ನು ಹಾಗೇ ಬಿಟ್ಟಿದ್ದರು. ಆದರೆ ಇಲ್ಲಿ ಬಂದು ನಿಂತ ಮೇಲೆ ಕಥೆ ಮುಗೀತು ಅನ್ನುವಂತಿಲ್ಲ. 2008ರಲ್ಲಿ ತಂದಿಟ್ಟಿದ್ದ ಒಂದು ಬಿ-52 ಅನ್ನು 2015ರಲ್ಲಿ ಎಬ್ಬಿಸಿ ಮತ್ತೆ ಹಾರಿಸಿದರು. ಅದರ ಹೆಸರು 'ಗೋಸ್ಟ್ ರೈಡರ್'.

ಖರ್ಚು, ಅನುಕೂಲದ ಮಾತು. ಡೇಟನ್‌ಗೆ ಟಿಕೆಟ್ ಇಲ್ಲ, ಪಾರ್ಕಿಂಗಿಗೂ ದುಡ್ಡಿಲ್ಲ. ಉಳಿದೆರಡಕ್ಕೆ ಟಿಕೆಟ್ ಇದೆ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಡೇಟನ್ ವಾಸಿ. ಎಲ್ಲ ಸೂರಿನಡಿ, ವೀಲ್‌ಚೇರ್ ಸಿಗುತ್ತದೆ. ಆದರೆ ಒಂದು ಹ್ಯಾಂಗರಿನಿಂದ ಇನ್ನೊಂದಕ್ಕೆ ನಡೆದೇ ನಡೆಯಬೇಕು, ಇಡೀ ದಿನ ಇಟ್ಟುಕೊಳ್ಳಿ. ಟೂಸಾನ್‌ಗೆ ನವೆಂಬರಿನಿಂದ ಮಾರ್ಚ್ ಒಳಗೆ ಹೋಗಿ. ಜೂನ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹೊರಗಿನ ವಿಮಾನಗಳ ತಗಡು ಮುಟ್ಟುವಂತಿರುವುದಿಲ್ಲ. ಟೋಪಿ, ನೀರು ಮರೆಯಬೇಡಿ. ಆಶ್‌ಲ್ಯಾಂಡ್ ಓಮಾಹಾ ಮತ್ತು ಲಿಂಕನ್ ನಡುವೆ ಐ-80 ಹೆದ್ದಾರಿಯ ಹತ್ತಿರವೇ ಇದೆ. ಅರ್ಧ ದಿನ ಸಾಕು.

ನಾಲ್ಕನೇ ಬಿ-36 ಕ್ಯಾಲಿಫೋರ್ನಿಯಾದ ಆಟ್‌ವಾಟರ್‌ನಲ್ಲಿ, ಕ್ಯಾಸಲ್ ಮ್ಯೂಸಿಯಂನಲ್ಲಿದೆ. ಅಲ್ಲಿಗೆ ನಾನು ಇನ್ನೂ ಹೋಗಿಲ್ಲ, ಅದಕ್ಕೇ ಈ ಹೋಲಿಕೆಗೆ ಸೇರಿಸಲಿಲ್ಲ. ಬೇ ಏರಿಯಾದವರು ಯಾರಾದರೂ ನೋಡಿದ್ದರೆ ಬರೆಯಿರಿ.