ಮೂರು ಎಲ್‌ಪಿ, ಮೂವತ್ತಾರು ಹಾಡು: ‘ಸ್ಯಾಂಡಿನಿಸ್ಟಾ!’

ಪಂಕ್ ರಾಕ್ ಸಂಗೀತ ಅಂದರೆ ಬರೀ ಗಿಟಾರ್ ಗದ್ದಲ ಅನ್ನುವವರು ಬ್ರಿಟನ್ನಿನ ಪಂಕ್ ತಂಡ ದಿ ಕ್ಲ್ಯಾಷ್‌ನ ಈ ಆಲ್ಬಮ್ ಕೇಳಬೇಕು. ಬಂದದ್ದು 1980ರ ಡಿಸೆಂಬರ್‌ನಲ್ಲಿ. ಹೆಸರು ನಿಕರಾಗುವಾದ ಕ್ರಾಂತಿಕಾರಿಗಳದ್ದು. ಕ್ಯಾಟಲಾಗ್ ನಂಬರಿನಲ್ಲೂ ಅವರ ಸಂಘಟನೆಯ ಅಕ್ಷರಗಳೇ: ಎಫ್‌ಎಸ್‌ಎಲ್‌ಎನ್ 1. ಇಂಥ ತುಂಟತನ ನನಗೆ ಇಷ್ಟ. ಬೆಲೆ ಕಡಿಮೆ ಇರಲಿ ಅಂತ ಬ್ರಿಟನ್‌ನಲ್ಲಿ ಮೊದಲ 2 ಲಕ್ಷ ಪ್ರತಿಗಳ ರಾಯಲ್ಟಿಯನ್ನೇ ಬಿಟ್ಟುಕೊಟ್ಟರು. ಈಗ ಯಾರು ಮಾಡ್ತಾರೆ ಹೇಳಿ?

ನನ್ನ ಹತ್ತಿರ ರೆಕಾರ್ಡ್ ಪ್ಲೇಯರ್ ಇಲ್ಲ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಫೋನಿನಲ್ಲೇ ಕೇಳುತ್ತೇನೆ. ಮೊದಲ ಹಾಡಿನ ಬೇಸ್ ಗಿಟಾರೇ ಹಿಡಿದು ಕೂರಿಸುತ್ತದೆ. ನ್ಯೂಯಾರ್ಕಿನ ರ‍್ಯಾಪ್ ಧಾಟಿಯಲ್ಲಿ ದುಡಿಯುವವನ ಒಂದು ದಿನದ ಪಾಡು. ಮುಂದೆ ಚರ್ಚಿನ ಭಕ್ತಿಗೀತೆಯಾದ ಗಾಸ್ಪೆಲ್, ಕೆರಿಬಿಯನ್ ದ್ವೀಪಗಳ ಕ್ಯಾಲಿಪ್ಸೊ, ಜಮೈಕಾದ ಡಬ್ (ರೆಗೆ ಹಾಡಿಗೆ ಪ್ರತಿಧ್ವನಿ ಸೇರಿಸಿ ಮರುಜೋಡಿಸುವ ಶೈಲಿ). ಡಬ್ ಕೆಲಸದಲ್ಲಿ ಜಮೈಕಾದ ಸಂಗೀತಗಾರ ಮೈಕಿ ಡ್ರೆಡ್ ಕೈ ಇದೆ, ಅಲ್ಲಿ ವಾಲ್ಯೂಮ್ ಜಾಸ್ತಿ ಮಾಡಿ.

ನನ್ನ ಮೆಚ್ಚಿನದು ‘ವಾಷಿಂಗ್ಟನ್ ಬುಲೆಟ್ಸ್’. ಮರದ ಪಟ್ಟಿಗಳನ್ನು ಬಡಿದು ನುಡಿಸುವ ಮರಿಂಬಾ ಕುಣಿಯುತ್ತಿರುತ್ತದೆ, ಮೇಲೆ ಚಿಲಿಯಲ್ಲಿ ಸೈನಿಕರು ಕೊಂದ ಗಾಯಕ ವಿಕ್ಟರ್ ಹಾರಾನ ನೆನಪು. ಅಮೆರಿಕವನ್ನು ಬೈದು ಸುಮ್ಮನಾಗುವುದಿಲ್ಲ. ಅಫ್ಘಾನಿಸ್ತಾನಕ್ಕೆ ನುಗ್ಗಿದ ರಷ್ಯಾಕ್ಕೂ, ಟಿಬೆಟ್ ನುಂಗಿದ ಚೀನಾಕ್ಕೂ ಬಿಸಿ ಮುಟ್ಟಿಸುತ್ತದೆ. ಯಾವ ಪಕ್ಷದ ಬಾಲವೂ ಅಲ್ಲ, ಅದೇ ಖುಷಿ.

ಮೂರು ಎಲ್‌ಪಿ ರೆಕಾರ್ಡುಗಳ ಆರು ಬದಿಗಳಲ್ಲಿ ಕೊನೆಯ ಎರಡು ಮಾತ್ರ ಎಳೆದದ್ದು ಜಾಸ್ತಿ. ಒಂದು ಹಾಡನ್ನು ಸುಮ್ನೆ ಹಿಂದುಮುಂದಾಗಿ ತಿರುಗಿಸಿ ಹಾಕಿದ್ದಾರೆ! ಹೊಸಬರು ನಾಲ್ಕನೇ ಬದಿಯಿಂದ ಶುರುಮಾಡಿ.