ಏಳು ವರ್ಷ, 41,000 ಕಿ.ಮೀ.: ಕಾರಿನ ಜೊತೆ ಬಂದ ಟೈರ್‌ಗಳನ್ನು ಯಾಕೆ ತೆಗೆಸಿದೆ

ಕಾರಿನ ಜೊತೆ ಬಂದಿದ್ದ ನಾಲ್ಕೂ ಟೈರ್‌ಗಳನ್ನು ಹೋದ ತಿಂಗಳು ಬದಲಾಯಿಸಿದೆ. ಟ್ರೆಡ್, ಅಂದರೆ ನೆಲ ಮುಟ್ಟುವ ಭಾಗದ ಗೀರುಗಳ ಆಳ, ಇನ್ನೂ 4 ಮಿ.ಮೀ. ಇತ್ತು. "ಚೆನ್ನಾಗಿವೆಯಲ್ಲ, ಸುಮ್ನೆ ಯಾಕೆ ತೆಗೆಸ್ತೀರಿ?" ಅಂತ ನೋಡಿದವರೆಲ್ಲ ಕೇಳಿದರು. ಕಾರಣ ಸವೆತ ಅಲ್ಲ, ವಯಸ್ಸು.

ಮೊದಲ ನಾಲ್ಕು ವರ್ಷ ಈ ಟೈರ್‌ಗಳ ಬಗ್ಗೆ ಒಂದು ದೂರೂ ಇರಲಿಲ್ಲ. ಮಳೆಯಲ್ಲಿ ಹಿಡಿತ ಚೆನ್ನಾಗಿತ್ತು, ಸದ್ದು ಕಡಿಮೆ. ಐದನೇ ವರ್ಷದಿಂದ ಸದ್ದು ಜಾಸ್ತಿ ಆಯಿತು. ಆರನೇ ವರ್ಷ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಕಾರು ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತಿದೆ ಅನ್ನಿಸತೊಡಗಿತು. ಬಗ್ಗಿ ನೋಡಿದರೆ ಟೈರ್‌ನ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು. ಬಿಸಿಲು, ಗಾಳಿ ತಾಗಿ ರಬ್ಬರ್ ಗಟ್ಟಿಯಾಗುತ್ತದೆ. ಕಾರು ಓಡದೆ ನಿಂತಿದ್ದರೂ ಅಷ್ಟೇ.

ವಯಸ್ಸು ತಿಳಿಯುವುದು ಸುಲಭ. ಟೈರ್ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. ನನ್ನದರಲ್ಲಿ 1418 ಅಂತಿತ್ತು. ಅಂದರೆ 2018ರ 14ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಹತ್ತು ವರ್ಷದ ಮೇಲೆ, ನೋಡಲು ಹೊಸದರಂತಿದ್ದರೂ, ಬೇಡವೇ ಬೇಡ.

ಸವೆತದ ಲೆಕ್ಕ ಬೇರೆ. ಟ್ರೆಡ್ ಸಾಲುಗಳ ನಡುವೆ ಸಣ್ಣ ದಿಬ್ಬಗಳಿರುತ್ತವೆ, ಎತ್ತರ 1.6 ಮಿ.ಮೀ. ರಬ್ಬರ್ ಅದರ ಸಮಕ್ಕೆ ಬಂದರೆ ಟೈರ್ ಮುಗಿಯಿತು. ಅಲ್ಲಿವರೆಗೂ ಕಾಯಬೇಡಿ ಅಂತಲೇ ನಾನು ಹೇಳುವುದು. 3 ಮಿ.ಮೀ.ಗಿಂತ ಕೆಳಗೆ ಹೋದರೆ ನೀರನ್ನು ಹೊರಗೆ ತಳ್ಳುವ ಶಕ್ತಿ ತುಂಬಾ ಕಡಿಮೆಯಾಗುತ್ತದೆ.

ನನ್ನ ಟೈರ್‌ಗಳು ಹೆಚ್ಚುಕಡಿಮೆ ಸಮವಾಗಿಯೇ ಸವೆದಿದ್ದವು. ಕಾರಣ, ಒಳಗಿನ ಗಾಳಿಯ ಒತ್ತಡ ಸರಿಯಾಗಿಟ್ಟಿದ್ದು. ಒತ್ತಡ ಅಳೆಯುವ ಸ್ವಂತ ಗೇಜ್ ಇಟ್ಟುಕೊಂಡಿದ್ದೆ, ಎರಡು ವಾರಕ್ಕೊಮ್ಮೆ ಬೆಳಿಗ್ಗೆ ಕಾರು ತೆಗೆಯುವ ಮೊದಲೇ ನೋಡುತ್ತಿದ್ದೆ. ಓಡಿ ಬಿಸಿಯಾದ ಟೈರ್ ಜಾಸ್ತಿ ತೋರಿಸುತ್ತದೆ. ಎಷ್ಟು ಗಾಳಿ ಬೇಕು ಅನ್ನುವುದು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿದೆ. ಟೈರ್ ಮೇಲೆ ಅಚ್ಚಾಗಿರುವುದು ಅದು ತಡೆಯುವ ಗರಿಷ್ಠ ಒತ್ತಡ, ಅಷ್ಟು ತುಂಬಿಸಬಾರದು. ಗಾಳಿ ಜಾಸ್ತಿಯಾದರೆ ಮಧ್ಯ ಸವೆಯುತ್ತದೆ, ಕಡಿಮೆಯಾದರೆ ಎರಡೂ ಅಂಚು.

ಒಂದು ಸಲ ನಾನೂ ತಪ್ಪಿದೆ. ಮೂರನೇ ವರ್ಷ ದೊಡ್ಡ ಗುಂಡಿಗೆ ಚಕ್ರ ಬಿತ್ತು. ಆಮೇಲೆ ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿತ್ತು. ಎರಡು ತಿಂಗಳು ಹಾಗೇ ಓಡಿಸಿದೆ. ಅಷ್ಟರಲ್ಲಿ ಮುಂದಿನ ಟೈರ್‌ನ ಒಳ ಅಂಚು ಸವೆಯಲು ಶುರುವಾಗಿತ್ತು. ನಿಂತು ನೋಡಿದರೆ ಅದು ಕಾಣುವುದೇ ಇಲ್ಲ, ಕೈ ಹಾಕಿ ಸವರಬೇಕು. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿದ ಮೇಲೆ ಸರಿಹೋಯಿತು. ಪುಣ್ಯಕ್ಕೆ ಪಕ್ಕದ ಗೋಡೆ ಉಬ್ಬಿರಲಿಲ್ಲ. ಉಬ್ಬಿದರೆ ಒಳಗಿನ ದಾರಗಳು ಹರಿದಿವೆ ಎಂದರ್ಥ, ಅದಕ್ಕೆ ರಿಪೇರಿಯೇ ಇಲ್ಲ. ಅಂದಿನಿಂದ 10,000 ಕಿ.ಮೀ.ಗೊಮ್ಮೆ ಮುಂದಿನ ಟೈರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿದೆ.

ಹೊಸದು ಕೊಳ್ಳುವಾಗಲೂ ಅದೇ ನಾಲ್ಕು ಅಂಕಿ ನೋಡಿದೆ. ಅಂಗಡಿಯವರು ಮೊದಲು ತಂದ ಎರಡು ಟೈರ್ ತಯಾರಾಗಿ ಎರಡು ವರ್ಷವಾಗಿತ್ತು. ಬೇರೆ ಕೊಡಿ ಅಂದೆ, ಕೊಟ್ಟರು.

ಸ್ಟೆಪ್ನಿ ನೆಲ ಮುಟ್ಟಿದ್ದು ಎರಡೇ ಸಲ. ಅದರ ಮೇಲೂ 1418 ಅಂತಲೇ ಇತ್ತು. ಅದನ್ನೂ ಬದಲಾಯಿಸಿದೆ.